ನಮ್ಮ ಡಾಕ್ಟರು ದವಾಖಾನೆ ಮುಚ್ಚಿದರು. ಅವ್ವನ ಐದು ಚೀಲ ಗುಳಿಗೆಗಳನ್ನು ಈಗ ಯಾರಿಗೆ ತೋರಿಸಲಿ?

ಪ್ರಶ್ನೆ: ಮೋಟರ್ ಸುತ್ತುವವ, ಬಾಗಲಕೋಟೆ

ಹಳೆ ಬಾಗಲಕೋಟೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರಿನ ಮೋಟರ್ ಸುಟ್ಟು ಹೋಯಿತೆಂದು ರೈತರು ಟಂಟಂನಲ್ಲಿ ಹಾಕಿಕೊಂಡು ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಇದನ್ನು ಈ ಹಿಂದೆ ಸುತ್ತಿದವರು ಯಾರು? ಗೊತ್ತಿಲ್ಲ ಎಂದರೆ ಕೆಲಸ ಎರಡು ಪಟ್ಟು. ಬಿಚ್ಚಬೇಕು, ತಂತಿಯ ಗೇಜ್ ಅಳೆಯಬೇಕು, ಸುಟ್ಟ ಸುರುಳಿಯ ಸುತ್ತುಗಳನ್ನು ಒಂದೊಂದಾಗಿ ಎಣಿಸಬೇಕು. ನಾನೇ ಸುತ್ತಿದ ಮೋಟರ್ ಆದರೆ ನನ್ನ ಡೈರಿಯಲ್ಲಿ ಎಲ್ಲವೂ ಇರುತ್ತದೆ. ಯಾವ ಊರಿನ ಯಾರದು, ಎಷ್ಟು ಎಚ್‌ಪಿ, ಎಷ್ಟು ಸುತ್ತು, ಹೋದ ಸಲ ಏಕೆ ಸುಟ್ಟಿತ್ತು.

ನನ್ನ ಅವ್ವನಿಗೂ ಅಂಥದೊಂದು ಡೈರಿ ಇತ್ತು, ನಮ್ಮ ಡಾಕ್ಟರ ತಲೆಯೊಳಗೆ. ಹೋದ ದೀಪಾವಳಿ ಮುಗಿದ ಮೇಲೆ ಅವರು ದವಾಖಾನೆಗೆ ಬೀಗ ಹಾಕಿ ಪುಣೆಗೆ ಮಗಳ ಮನೆಗೆ ಹೋದರು. ಅವರಿಗೂ 78 ವಯಸ್ಸು, ಬೈಯಲು ಬಾಯಿ ಬರುವುದಿಲ್ಲ.

ವಲ್ಲಭಭಾಯಿ ಚೌಕದಿಂದ ಸ್ವಲ್ಪ ಒಳಗೆ ಎರಡು ಕೋಣೆಯ ದವಾಖಾನೆ ಅದು. ಹೊರಗೆ ಕಟ್ಟಿಗೆಯ ಬಾಕು, ಒಳಗೆ ಹಸಿರು ಪರದೆ. ಕಾಂಪೌಂಡರ್ ಕಾಕಾ ಕೆಂಪು ಔಷಧದ ಬಾಟಲಿಗೆ ಕಾಗದದ ಅಳತೆಪಟ್ಟಿ ಅಂಟಿಸಿ ಕೊಡುತ್ತಿದ್ದ ಕಾಲದಿಂದ ನಾವು ಅಲ್ಲಿಯವರು. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಓಣಿ ಹೋದಾಗ ನಾವು ನವನಗರದ ಸೆಕ್ಟರಿಗೆ ಬಂದೆವು, ಡಾಕ್ಟರು ಹಳೆ ಊರಿನಲ್ಲೇ ಉಳಿದರು. ಆದರೂ ಜ್ವರ ಬಂದರೆ ಅವ್ವ ಟಂಟಂ ಹತ್ತಿ ಅಲ್ಲಿಗೇ ಹೋಗುತ್ತಿದ್ದಳು. ಹೋಳಿಯಲ್ಲಿ ಬಣ್ಣದ ಬಂಡಿಗಳು ಊರು ಸುತ್ತುವ ದಿನಗಳಲ್ಲಿ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಇವರ ಬಾಗಿಲು ಮಾತ್ರ ಅರ್ಧ ತೆರೆದಿರುತ್ತಿತ್ತು, ಮುಂದೆ ಕಣ್ಣಿಗೆ ಬಣ್ಣ ಬಿದ್ದವರ ಸಾಲು.

ಅವರೇನೂ ದೇವರಲ್ಲ. ಕೆಮ್ಮಿಗೂ ಸೂಜಿ, ಬೆನ್ನುನೋವಿಗೂ ಸೂಜಿ. ಸೂಜಿ ಮಾಡಿಸಿಕೊಳ್ಳದೆ ಬಂದರೆ ಅವ್ವನಿಗೂ ದವಾಖಾನೆಗೆ ಹೋಗಿ ಬಂದಂತೆ ಅನ್ನಿಸುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಪರದೆ ಸರಿಸಿ ಒಳಗೆ ಕಾಲಿಟ್ಟ ಕೂಡಲೇ "ಏನವ್ವ, ಈ ಸಲ ಉಪ್ಪಿನಕಾಯಿ ಜಾಸ್ತಿಯಾಯಿತೇ?" ಎಂದು ಕೇಳುತ್ತಿದ್ದರು. ಮುಖದ ಬಾವು ನೋಡಿಯೇ ಹೇಳುವವರು.

ಈಗ ನಡೆದದ್ದು ಕೇಳಿ. ಅವ್ವನಿಗೆ 73. ಬಿಪಿ ಬಂದು 19 ವರ್ಷ, ಸಕ್ಕರೆ ಕಾಯಿಲೆ ಬಂದು 11 ವರ್ಷ. ಡಿಸೆಂಬರಿನಲ್ಲಿ ಬಿಪಿ ಗುಳಿಗೆ ತೀರಿದವು. ನವನಗರದಲ್ಲಿ ಒಬ್ಬ ಎಂ.ಡಿ. ಡಾಕ್ಟರಿಗೆ ತೋರಿಸಿದೆವು. ಹಳೆಯದನ್ನು ಬಿಡಿಸಿ ಟೆಲ್ಮಿಸಾರ್ಟಾನ್ ಜೊತೆಗೆ ಮೂತ್ರ ಹೋಗುವ ಔಷಧವೂ ಸೇರಿದ ಗುಳಿಗೆ ಬರೆದರು. ಜನವರಿಯಲ್ಲಿ ಮೊಣಕಾಲು ಹಿಡಿದುಕೊಂಡಿತು, ಎಲುಬಿನ ಡಾಕ್ಟರ ಹತ್ತಿರ ಹೋದೆವು. ನೋವಿನ ಗುಳಿಗೆ ಹದಿನೈದು ದಿನಕ್ಕೆ ಕೊಟ್ಟರು. ಆರಾಮ ಸಿಕ್ಕಿತು ಎಂದು ಅವ್ವ ಖಾಲಿ ಪಟ್ಟಿಯನ್ನು ಮೊಮ್ಮಗನ ಕೈಗೆ ಕೊಟ್ಟು ಅಂಗಡಿಯಿಂದ ತರಿಸಿ ತರಿಸಿ ಎರಡೂವರೆ ತಿಂಗಳು ನುಂಗಿದ್ದಾಳೆ, ನಮಗೆ ಸುದ್ದಿಯೇ ಇಲ್ಲ. ಸಕ್ಕರೆಗೆ ಮೂರನೆಯವರು. ಹೊಟ್ಟೆ ಉರಿಗೆ ನಾಲ್ಕನೆಯವರು. ಐದನೆಯ ಚೀಲದಲ್ಲಿ ಇದ್ದದ್ದು ಪಕ್ಕದ ಮನೆಯ ವಹಿನಿ ಕೊಟ್ಟ ಯಾವುದೋ ಚೂರ್ಣ.

ಏಪ್ರಿಲ್‌ನಲ್ಲಿ ಕಾಲು ಬಾತವು, ರೊಟ್ಟಿ ಸೇರದಾಯಿತು, ವಾಂತಿ ಶುರುವಾಯಿತು. ರಕ್ತ ತಪಾಸಣೆ ಮಾಡಿಸಿದರೆ ಕ್ರಿಯಾಟಿನಿನ್ 2.3. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶವಂತೆ ಅದು. ಎರಡು ವರ್ಷದ ಹಿಂದಿನ ರಿಪೋರ್ಟ್ ಹಾಸಿಗೆಯ ಕೆಳಗೆ ಸಿಕ್ಕಿತು, ಅದರಲ್ಲಿ 0.9. ಬೆಳಗಾವಿಗೆ ಕಿಡ್ನಿ ತಜ್ಞರ ಬಳಿಗೆ ಓಡಿದೆವು. ಅವರು ನೋವಿನ ಗುಳಿಗೆ ಪೂರ್ತಿ ನಿಲ್ಲಿಸಿದರು, ಬಿಪಿಯ ಗುಳಿಗೆ ಬದಲಿಸಿದರು, ಸಕ್ಕರೆಯ ಗುಳಿಗೆ ಕಡಿಮೆ ಮಾಡಿದರು. ಸಕಾಲಕ್ಕೆ ಬಂದಿದ್ದೀರಿ, ಇಳಿಯುತ್ತದೆ ಎಂದರು. ಏಳುವಾಗ ಹೇಳಿದ್ದು: "ನನ್ನ ಹತ್ತಿರ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು. ಮನೆಯ ಹತ್ತಿರ ಎಲ್ಲವನ್ನೂ ಒಟ್ಟಿಗೆ ನೋಡುವ ಒಬ್ಬ ಡಾಕ್ಟರನ್ನು ಹಿಡಿಯಿರಿ."

ಆ ಒಬ್ಬರನ್ನು ಎಲ್ಲಿ ಹುಡುಕಲಿ? ನವನಗರದ ಬೋರ್ಡುಗಳನ್ನು ಓದುತ್ತ ಹೋದೆ. ಎಲುಬು, ಹೃದಯ, ಮೂತ್ರಕೋಶ, ಚರ್ಮ, ಕಿವಿ ಮೂಗು ಗಂಟಲು. ಇಡೀ ಮನುಷ್ಯನನ್ನು ನೋಡುತ್ತೇವೆ ಎಂಬ ಬೋರ್ಡು ಕಾಣಲಿಲ್ಲ. ಮೆಡಿಕಲ್ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಎರಡು ಸಲ ಹೋದೆವು. ಖರ್ಚು ಕಡಿಮೆ, ಎಲ್ಲ ತಪಾಸಣೆ ಒಂದೇ ಕಡೆ. ಆದರೆ ಪ್ರತಿ ಸಲ ಬೇರೆ ಹುಡುಗ, ಬೇರೆ ಹುಡುಗಿ. "ಎಷ್ಟು ವರ್ಷದಿಂದ ಶುಗರ್ ಇದೆ ಅಜ್ಜಿ?" ಎಂದರೆ ಅವ್ವ ಒಬ್ಬರಿಗೆ ಐದು ಎಂದಳು, ಇನ್ನೊಬ್ಬರಿಗೆ ಹದಿನೈದು ಎಂದಳು. ಇಬ್ಬರೂ ಬರೆದುಕೊಂಡರು.

ನೀವೆಲ್ಲ ಹೇಗೆ ಮಾಡುತ್ತಿದ್ದೀರಿ? ಒಬ್ಬ ಡಾಕ್ಟರು ಬೇಕೇ ಬೇಕೇ, ಇಲ್ಲದೆಯೂ ನಡೆಯುತ್ತದೆಯೇ?

ಉತ್ತರ: ಅಂಗಡಿಯವಳು, ಜಮಖಂಡಿ

ಅಣ್ಣಾ, ನಾನು ಹದಿನಾಲ್ಕು ವರ್ಷದಿಂದ ಔಷಧ ಅಂಗಡಿಯ ಗಲ್ಲೆಯ ಮೇಲೆ ಕುಳಿತವಳು. ಡಾಕ್ಟರನ್ನು ಹುಡುಕುವುದು ಆಮೇಲೆ. ಇವತ್ತು ರಾತ್ರಿ ಆ ಐದೂ ಚೀಲಗಳನ್ನು ಚಾಪೆಯ ಮೇಲೆ ಸುರುವಿ.

ಗುಳಿಗೆಯ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಸಣ್ಣ ಅಕ್ಷರದಲ್ಲಿ ಇರುವುದು ಒಳಗಿನ ಔಷಧದ ಹೆಸರು. ಓದುವುದು ಕಷ್ಟವಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಆ ಸಣ್ಣ ಅಕ್ಷರಗಳನ್ನೇ ಒಂದು ಹಾಳೆಯಲ್ಲಿ ಬರೆಯಿರಿ, ಎದುರಿಗೆ ಮಿಲಿಗ್ರಾಂ, ಯಾವ ಹೊತ್ತಿಗೆ, ಯಾರು ಕೊಟ್ಟದ್ದು. ಎರಡು ಪಟ್ಟಿಯ ಮೇಲೆ ಒಂದೇ ಸಣ್ಣ ಹೆಸರು ಕಂಡರೆ ಮರುದಿನ ಬೆಳಿಗ್ಗೆಯೇ ಡಾಕ್ಟರನ್ನು ಕೇಳಿ.

ಇದು ಪುಸ್ತಕದ ಮಾತಲ್ಲ. ನಮ್ಮ ಅಂಗಡಿಗೆ ಬರುವ ಒಬ್ಬ ಮಾಸ್ತರರು ಸಕ್ಕರೆ ಕಾಯಿಲೆಗೆ ಇಬ್ಬರು ಡಾಕ್ಟರಿಗೆ ತೋರಿಸುತ್ತಿದ್ದರು. ಒಬ್ಬರು ಬರೆದದ್ದೂ ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್, ಇನ್ನೊಬ್ಬರು ಬರೆದದ್ದೂ ಅದೇ. ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ. ಎರಡನ್ನೂ ನಿಷ್ಠೆಯಿಂದ ತೆಗೆದುಕೊಂಡರು. ನಸುಕಿನಲ್ಲಿ ಸಕ್ಕರೆ ತೀರಾ ಇಳಿದು, ಮೈಯೆಲ್ಲ ಬೆವರಿ ಬಚ್ಚಲಲ್ಲಿ ಬಿದ್ದರು. ಪ್ರಜ್ಞೆ ಇತ್ತು, ಸೊಸೆ ಬುದ್ಧಿವಂತಿಕೆಯಿಂದ ಸಕ್ಕರೆ ನೀರು ಕುಡಿಸಿದಳು, ಬದುಕಿದರು. ಒಂದು ಗುಳಿಗೆ ನನ್ನ ಅಂಗಡಿಯದು, ಇನ್ನೊಂದು ಬೇರೆ ಅಂಗಡಿಯದು. ಒಂದೇ ಅಂಗಡಿಯಾಗಿದ್ದರೆ ನಾನು ಹಿಡಿಯುತ್ತಿದ್ದೆ. ಅದಕ್ಕೇ ಹೇಳುವುದು, ಡಾಕ್ಟರು ನಾಲ್ವರಿದ್ದರೂ ಅಂಗಡಿ ಒಂದೇ ಇರಲಿ.

ನೋವಿನ ಗುಳಿಗೆಯ ವಿಷಯದಲ್ಲಿ ತಪ್ಪು ನಮ್ಮವರದೂ ಇದೆ. ಕೆಂಪು ಗೆರೆ ಎಳೆದ ಪಟ್ಟಿಯನ್ನು ಚೀಟಿ ಇಲ್ಲದೆ ಕೊಡಬಾರದು. ಹುಡುಗ ಖಾಲಿ ಪಟ್ಟಿ ತಂದು ನಿಂತರೆ ಕೊಟ್ಟು ಕಳುಹಿಸುವ ಅಂಗಡಿಗಳು ಎಷ್ಟು ಬೇಕಾದಷ್ಟಿವೆ. ಹಾಗೆಂದು ಅವ್ವನವರ ಬಿಪಿ, ಶುಗರ್ ಗುಳಿಗೆಗಳನ್ನು ನೀವೇ ಹೆದರಿ ನಿಲ್ಲಿಸಬೇಡಿ.

ಉತ್ತರ: ಟಿಳಕವಾಡಿಯವ, ಬೆಳಗಾವಿ

ಎಲ್ಲರೂ ಹಳೆಯ ಡಾಕ್ಟರ ಹೆಸರಿನಲ್ಲಿ ಕಣ್ಣೀರು ಹಾಕುವ ಮೊದಲು ನನ್ನದೊಂದು ಮಾತು.

ನಮಗೂ ಮನೆಯ ಡಾಕ್ಟರು ಇದ್ದರು. ಮದುವೆ ಮುಂಜಿಗೆ ಕರೆಯುತ್ತಿದ್ದೆವು, ಅವರೂ ಬರುತ್ತಿದ್ದರು. 2016ರಲ್ಲಿ ನನ್ನ ತಂಗಿಗೆ ಕೆಮ್ಮು ಹಿಡಿಯಿತು. ಹವಾ ಬದಲಾಗಿದೆ ಎಂದರು, ಬೆಳಗಾವಿಯ ಮಳೆ ಎಂದರು, ಅಲರ್ಜಿ ಎಂದರು. ನಾಲ್ಕು ತಿಂಗಳು ಸಿರಪ್ಪು, ಆಂಟಿಬಯೋಟಿಕ್ಕು. ತಂಗಿ ಒಂಬತ್ತು ಕಿಲೋ ಇಳಿದಳು. ಬೇರೆಯವರಿಗೆ ತೋರಿಸೋಣ ಎಂದು ನಾನು ಅಂದರೆ ಅಪ್ಪ ಸಿಟ್ಟಾದರು: "ಅವರಿಗೆ ಏನು ಅನ್ನಿಸೀತು?" ಕೊನೆಗೆ ಅಪ್ಪನಿಗೆ ಹೇಳದೆ ಸಿವಿಲ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫದ ಪರೀಕ್ಷೆ ಮಾಡಿಸಿದೆ. ಕ್ಷಯ. ಪರೀಕ್ಷೆ ಉಚಿತ, ಆರು ತಿಂಗಳ ಔಷಧವೂ ಉಚಿತ, ಪೂರ್ತಿ ಗುಣವಾದಳು. ಎರಡು ವಾರ ಕೆಮ್ಮಿದರೆ ಕಫ ಪರೀಕ್ಷಿಸಿ ಎಂದು ಬಸ್ ನಿಲ್ದಾಣದ ಗೋಡೆಯ ಮೇಲೂ ಬರೆದಿರುತ್ತದೆ.

ಅವರು ಕೆಟ್ಟವರಾಗಿರಲಿಲ್ಲ. ದಿನವೂ ನೋಡುವ ಮುಖದಲ್ಲಿ ಹೊಸ ರೋಗ ಕಾಣಲಿಲ್ಲ, ಅಷ್ಟೆ. ನಾವು ದಾಕ್ಷಿಣ್ಯಕ್ಕೆ ಬಲಿಯಾದೆವು. ಈಗ ನಾನು ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೇ ಹೋಗುತ್ತೇನೆ. ಪ್ರತಿ ಸಲ ಹೊಸಬರು ಎಂದು ನೀವು ದೂರುತ್ತೀರಿ. ಹೊಸಬರು ಮೊದಲಿನಿಂದ ಕೇಳುತ್ತಾರೆ ಎಂಬುದೇ ನನಗೆ ಧೈರ್ಯ.

ಉತ್ತರ: ಇಂಡಿ ಲಿಂಬೆ

ನಮ್ಮ ಕಡೆ ಮನೆಯ ಡಾಕ್ಟರು ಎಂದರೆ ಸೊಲ್ಲಾಪುರದ ಬಸ್ಸು. ನೆಗಡಿಗೆ ಊರಿನವರು, ಉಳಿದದ್ದಕ್ಕೆಲ್ಲ ಬಸ್ಸು. ಅಲ್ಲಿ ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾಮಾ ಅರ್ಧ ಕೇಳಿಸಿಕೊಂಡು, ಇಂಡಿಗೆ ಬರುವಷ್ಟರಲ್ಲಿ ಉಳಿದರ್ಧವನ್ನೂ ಮರೆತು, ಮನೆಯಲ್ಲಿ ತನಗೆ ಬೇಕಾದ ಪಥ್ಯವನ್ನು ತಾನೇ ಸೇರಿಸಿ ಹೇಳುತ್ತಾನೆ. ಬದನೆಕಾಯಿ ಬೇಡ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ ಎಂದು ಮೊನ್ನೆ ಗೊತ್ತಾಯಿತು.

ಪ್ರತಿಕ್ರಿಯೆ: ಮೋಟರ್ ಸುತ್ತುವವ

ಟಿಳಕವಾಡಿಯ ಅಣ್ಣಾ, ನಿಮ್ಮ ಮಾತು ಚುಚ್ಚಿತು, ಏಕೆಂದರೆ ನಿಜ. ನಮ್ಮ ಡಾಕ್ಟರು ಅವ್ವನ ಕ್ರಿಯಾಟಿನಿನ್ ನೋಡಿಸಿದ್ದು ಎರಡು ವರ್ಷಕ್ಕೊಮ್ಮೆ. ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ ಎಂದು ಒಮ್ಮೆಯೂ ಹೇಳಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ವರ್ಷಕ್ಕೊಮ್ಮೆ ಬೇಕು ಎಂದು ನನಗೆ ತಿಳಿದದ್ದೇ ಬೆಳಗಾವಿಯಲ್ಲಿ.

ಜಮಖಂಡಿಯ ತಂಗೀ, ಚಾಪೆಯ ಮೇಲೆ ಸುರುವಿದೆ. ಒಟ್ಟು ಹದಿನೇಳು ಪಟ್ಟಿ. ಹೊಟ್ಟೆ ಉರಿಯ ಪ್ಯಾಂಟೊಪ್ರಜೋಲ್ ಮೂರು ಹೆಸರಿನಲ್ಲಿ ಇತ್ತು, ಮೂವರು ಕೊಟ್ಟದ್ದು. ಎರಡು ಪಟ್ಟಿ ಅಪ್ಪನವು. ಅಪ್ಪ ತೀರಿ ನಾಲ್ಕು ವರ್ಷವಾಯಿತು.

ಉತ್ತರ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ, ವಿಜಯಪುರ ಜಿಲ್ಲೆ

ನಾನು ಎಂಬಿಬಿಎಸ್ ಮುಗಿಸಿ ಹಳ್ಳಿಯೊಂದರ ಕೇಂದ್ರದಲ್ಲಿದ್ದೇನೆ. ನಿಮ್ಮ ತಾಯಿಯವರಿಗೆ ಆದದ್ದನ್ನು ನಿಮ್ಮ ಅಂಗಡಿಯ ಮಾತಿನಲ್ಲೇ ಹೇಳುತ್ತೇನೆ. ಕಿಡ್ನಿ ಒಂದು ಫಿಲ್ಟರ್. ರಕ್ತ ಒತ್ತಡದಿಂದ ಬಂದರೆ ಮಾತ್ರ ಸೋಸುತ್ತದೆ. ನೋವಿನ ಗುಳಿಗೆ ಒಳಬರುವ ಪೈಪನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ಪೈಪನ್ನು ಸಡಿಲಿಸುತ್ತದೆ. ಮೂತ್ರ ಹೋಗುವ ಔಷಧ ಟಾಕಿಯಲ್ಲಿ ನೀರನ್ನೇ ಕಡಿಮೆ ಮಾಡುತ್ತದೆ. ಮೇಲೆ ನಮ್ಮ ಕಡೆಯ ಏಪ್ರಿಲ್ ಬಿಸಿಲು ಮತ್ತು ವಾಂತಿ. ಫಿಲ್ಟರಿಗೆ ಒತ್ತಡ ಎಲ್ಲಿಂದ ಬರಬೇಕು? ಟೆಲ್ಮಿಸಾರ್ಟಾನ್ ತಾನಾಗಿ ಕೆಟ್ಟ ಔಷಧವಲ್ಲ, ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಯಲು ಕೊಡುವುದೇ ಅದನ್ನು. ಮೂರೂ ಕೂಡಿದ್ದು ಕೆಟ್ಟದ್ದು. ಹೊಸ ಔಷಧ ಬರೆಯುವವರ ಎದುರು ಹಳೆಯ ಪಟ್ಟಿ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಬೋರ್ಡಿನಲ್ಲಿ ಹುಡುಕಬೇಕಾದದ್ದು ಎಂ.ಡಿ. ಮೆಡಿಸಿನ್, ಅಥವಾ ಫ್ಯಾಮಿಲಿ ಮೆಡಿಸಿನ್ ಓದಿದವರು, ಅಥವಾ ಹತ್ತಾರು ವರ್ಷ ಒಂದೇ ಕಡೆ ಕುಳಿತ ಎಂಬಿಬಿಎಸ್. ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಸಂಖ್ಯೆ ಹೊರಗೆ ಕಾಣುವಂತೆ ಇದೆಯೇ ನೋಡಿ. ಇಲ್ಲದಿದ್ದರೆ ಒಳಗೆ ಹೋಗಬೇಡಿ, ನಮ್ಮ ಜಿಲ್ಲೆಗಳಲ್ಲಿ ನಕಲಿಗಳೂ ಸಲಾಯಿನ್ ಹಚ್ಚುತ್ತಾರೆ. ಮೊದಲ ಭೇಟಿಯಲ್ಲಿ ಕಾಯಿಲೆ ಹೇಳುವ ಮೊದಲೇ "ನೀವು ನಮ್ಮ ಅವ್ವನ ಎಲ್ಲ ಔಷಧಗಳನ್ನೂ ಒಟ್ಟಿಗೆ ನೋಡುತ್ತೀರಾ?" ಎಂದು ಕೇಳಿಬಿಡಿ. ಕೆಲವರು ಆಗದು ಎನ್ನುತ್ತಾರೆ. ಅವರು ಪ್ರಾಮಾಣಿಕರು, ನಮಸ್ಕಾರ ಹೇಳಿ ಹೊರಬನ್ನಿ.

ಸರಕಾರಿ ದಾರಿಯೂ ಇದೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆಗೆಂದೇ ಎನ್‌ಸಿಡಿ ಕ್ಲಿನಿಕ್ ಇರುತ್ತದೆ. ಅಲ್ಲಿ ಪುಸ್ತಕ ಮಾಡಿ ಗುಳಿಗೆಗಳನ್ನು ಉಚಿತವಾಗಿ ಕೊಡುತ್ತಾರೆ. ಆಯುಷ್ಮಾನ್ ಕಾರ್ಡ್ ಇದೆ, ಅದರಲ್ಲಿ ತೋರಿಸುತ್ತೇವೆ ಎಂದು ಬಹಳ ಜನ ಬರುತ್ತಾರೆ. ಆ ಕಾರ್ಡಿನ 5 ಲಕ್ಷ ರೂಪಾಯಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಇರುವ ಮಿತಿ, ಅದೂ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳ ಗುಳಿಗೆಗೆ, ಡಾಕ್ಟರ ಫೀಸಿಗೆ ಬರುವುದಿಲ್ಲ. ಖಾಸಗಿ ಆಸ್ಪತ್ರೆಗೆ ಅದನ್ನು ಬಳಸಬೇಕಾದರೆ, ತುರ್ತು ಸ್ಥಿತಿ ಬಿಟ್ಟು, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರಕ್ಕಾದರೂ ಸರಕಾರಿ ವೈದ್ಯರೊಬ್ಬರ ಪರಿಚಯ ಇಟ್ಟುಕೊಂಡಿರುವುದು ಒಳ್ಳೆಯದು. ಎಲ್ಲಿಯಾದರೂ ದಾಖಲಾಗಿದ್ದರೆ ಅಲ್ಲಿನ ಕಾಗದಪತ್ರಗಳನ್ನು ಬರಹದಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ.

ನಮ್ಮ ಊರಿನ ಜನ ನನ್ನನ್ನು ಮನೆಯ ಡಾಕ್ಟರು ಎಂದೇ ತಿಳಿದಿದ್ದಾರೆ. ಹೋಳಿಗೆ ಕಳುಹಿಸುತ್ತಾರೆ. ಒಂದು ಕೇಂದ್ರಕ್ಕೆ 30,000 ಜನ ಎಂಬುದು ಲೆಕ್ಕ, ಒಂದು ಬೆಳಿಗ್ಗೆ ನೂರು ಕೇಸ್ ಪೇಪರ್ ನೋಡುತ್ತೇನೆ. ರಾತ್ರಿ ಎಂ.ಡಿ. ಸೀಟಿನ ಪ್ರವೇಶ ಪರೀಕ್ಷೆಗೆ, ನೀಟ್ ಪಿಜಿಗೆ, ಓದುತ್ತೇನೆ. ಸೀಟು ಸಿಕ್ಕ ದಿನ ಹೋಗುತ್ತೇನೆ. ನನ್ನ ಹಿಂದಿನವರೂ ಹಾಗೆಯೇ ಹೋದರು. ಬರೀ ಎಂಬಿಬಿಎಸ್ ಎಂದರೆ ಹೆಣ್ಣು ಕೊಡುವವರೂ "ಮುಂದೆ ಏನು ಓದುತ್ತಾರೆ?" ಎಂದು ಕೇಳುತ್ತಾರೆ. ಮತ್ತೆ ಮನೆಯ ಡಾಕ್ಟರು ಎಲ್ಲಿ ಹೋದರು ಎಂದೂ ಅವರೇ ಕೇಳುತ್ತಾರೆ.

ಉತ್ತರ: ಡಾಕ್ಟರ ಮಗಳು, ಇಳಕಲ್ಲ

ನಮ್ಮ ಅಪ್ಪ ಅಂಥದೇ ದವಾಖಾನೆ ಇಟ್ಟಿದ್ದವರು. ನಾನು ಬ್ಯಾಂಕು ಸೇರಿದೆ, ತಮ್ಮ ಸಾಫ್ಟ್‌ವೇರಿಗೆ ಹೋದ. ಅಪ್ಪ ಮುಚ್ಚಿದ ದಿನ ನಾನೇ ಬೋರ್ಡು ಇಳಿಸಿದ್ದು.

ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದವರು ಬೆಳಿಗ್ಗೆ ಸ್ಕ್ಯಾನಿಂಗ್‌ಗೆ ಹುಬ್ಬಳ್ಳಿಗೆ ಹೋಗುವಾಗ ಅಪ್ಪನಿಗೆ ಒಂದು ಮಾತು ಹೇಳುತ್ತಿರಲಿಲ್ಲ. ಅಲ್ಲಿ ಬರೆದುಕೊಟ್ಟ ಔಷಧ ಒಗ್ಗದಿದ್ದರೆ ಮತ್ತೆ ಇಲ್ಲಿಗೇ. ಅಪ್ಪ ಬೈಯುತ್ತಲೇ ನೋಡುತ್ತಿದ್ದರು. 2017ರ ನವೆಂಬರ್‌ನಲ್ಲಿ ಕೆಪಿಎಂಇ ತಿದ್ದುಪಡಿಯನ್ನು ವಿರೋಧಿಸಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರೆಲ್ಲ ಮುಷ್ಕರ ಹೂಡಿದರಲ್ಲ, ಆಗ ಅಪ್ಪನೂ ಮುಂದಿನ ಬಾಗಿಲಿಗೆ ಬೀಗ ಹಾಕಿದರು. ಹಿತ್ತಲ ಬಾಗಿಲಿನಲ್ಲಿ ಸಂಜೆಯವರೆಗೆ ಜನ. ಸಂಘದವರಿಗೆ ಗೊತ್ತಾಗಬಾರದೆಂದು ಚಪ್ಪಲಿಗಳನ್ನು ಒಳಗೆ ಬಿಡಿಸಿದ್ದೆವು.

ನಿಮಗೆ ಹೇಳಬೇಕಾದದ್ದು ಇಷ್ಟೆ. ನಿಮ್ಮ ಡಾಕ್ಟರು ಪುಣೆಯಲ್ಲಿ ಇದ್ದಾರೆ, ತೀರಿಕೊಂಡಿಲ್ಲ. ಫೋನ್ ಮಾಡಿ. ಚಿಕಿತ್ಸೆ ಕೇಳಬೇಡಿ, ನೆನಪು ಕೇಳಿ. ಯಾವ ಔಷಧ ಒಗ್ಗಲಿಲ್ಲ, ಯಾವ ವರ್ಷ ಏನಾಗಿತ್ತು, ಮನೆತನದಲ್ಲಿ ಏನಿದೆ, ಯಾವ ಬಿಪಿ ಗುಳಿಗೆಗೆ ಕೆಮ್ಮು ಬಂದಿತ್ತು. ಅಪ್ಪ ಮುಚ್ಚಿದ ಮೇಲೆ ಎರಡು ವರ್ಷ ಬದುಕಿದ್ದರು. ಅಷ್ಟು ಜನರಲ್ಲಿ ಫೋನ್ ಮಾಡಿ ಇದನ್ನು ಕೇಳಿದವರು ಒಂದೇ ಮನೆಯವರು. ಅವತ್ತು ಅಪ್ಪ ಎರಡು ತಾಸು ಕುಳಿತು ಬರೆದರು, ಊಟಕ್ಕೆ ಕರೆದರೂ ಏಳಲಿಲ್ಲ.

ಪ್ರತಿಕ್ರಿಯೆ: ಮೋಟರ್ ಸುತ್ತುವವ (ಐದು ವಾರದ ನಂತರ)

ತಡವಾಯಿತು, ಕ್ಷಮಿಸಿ. ಮುಂಗಾರು ತಡವಾದರೆ ನಮ್ಮ ಅಂಗಡಿಗೆ ಸುಗ್ಗಿ, ಬೋರುಗಳು ಒಂದೇ ಸಮನೆ ಓಡಿ ಸುಡುತ್ತವೆ.

ಇಳಕಲ್ಲಿನ ಅಕ್ಕಾವರೇ, ಫೋನ್ ಮಾಡಿದೆ. ನನ್ನ ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಅವ್ವನ ಹೆಸರು ಹೇಳಿದೆ. "ಉಪ್ಪಿನಕಾಯಿ" ಎಂದರು. ಆಮೇಲೆ ನಲವತ್ತು ನಿಮಿಷ ಮಾತನಾಡಿದರು, ನಾನು ವೈಂಡಿಂಗ್ ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡೆ.

1996ರಲ್ಲಿ ಅವ್ವನ ಕಾಲಿಗೆ ಮೊಳೆ ಚುಚ್ಚಿ ಕೀವಾದಾಗ ಪೆನ್ಸಿಲಿನ್ ಸೂಜಿಗೆ ಮೈಯೆಲ್ಲ ದದ್ದು ಎದ್ದು ಬಾಕಿನ ಮೇಲೇ ಕುಸಿದಿದ್ದಳಂತೆ. ಅವರು ಓಡಿ ಬಂದು ಬೇರೆ ಸೂಜಿ ಮಾಡಿ ಉಳಿಸಿಕೊಂಡದ್ದು. ಅಂದಿನಿಂದ ಆ ಔಷಧ ಅವ್ವನಿಗೆ ಬರೆದಿಲ್ಲ. ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದರೆ "ಹೌದು, ಅವತ್ತು ಸೀರೆ ಹಾಳಾಯಿತು" ಎಂದಳು. ಡಿಸೆಂಬರಿನಿಂದ ಎಷ್ಟೋ ಕಡೆ ತೋರಿಸಿದ್ದೇವೆ. "ಯಾವುದಾದರೂ ಔಷಧ ಆಗಿಬರುವುದಿಲ್ಲವೇ?" ಎಂದು ಕೇಳಿದವರಿಗೆಲ್ಲ ನಾನೇ ಇಲ್ಲ ಎಂದು ಹೇಳಿದ್ದೇನೆ.

ಈಗ ಒಂದು ನೂರು ಹಾಳೆಯ ನೋಟ್‌ಬುಕ್ ಮಾಡಿದ್ದೇನೆ. ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಪೆನ್ಸಿಲಿನ್ ಬೇಡ ಎಂದು. ಮೊದಲ ಹಾಳೆಯಲ್ಲಿ ಕಾಯಿಲೆ ಮತ್ತು ಇಸವಿ, ಎರಡನೆಯದರಲ್ಲಿ ಜಮಖಂಡಿಯ ತಂಗಿ ಹೇಳಿದ ಸಣ್ಣ ಅಕ್ಷರದ ಹೆಸರುಗಳು. ಬಿಟ್ಟ ಔಷಧವನ್ನು ಅಳಿಸದೆ ಗೆರೆ ಎಳೆದು, ಏಕೆ ಬಿಟ್ಟರು ಎಂದು ಪಕ್ಕದಲ್ಲಿ ಬರೆಯುತ್ತೇನೆ. ಅದು ನನ್ನ ಕಸುಬಿನ ಚಟ. ಸುಟ್ಟ ಕಾರಣ ಬರೆದಿಡದಿದ್ದರೆ ಮತ್ತೆ ಅಲ್ಲೇ ಸುಡುತ್ತದೆ. ಹದಿನೇಳು ಪಟ್ಟಿ ಈಗ ಆರಕ್ಕೆ ಇಳಿದಿವೆ. ಚೂರ್ಣವನ್ನು ವಹಿನಿಗೆ ಗೊತ್ತಾಗದಂತೆ ಗಿಡದ ಬುಡಕ್ಕೆ ಹಾಕಿದೆ.

ಡಾಕ್ಟರೂ ಸಿಕ್ಕರು. ನಮ್ಮ ಸೆಕ್ಟರಿನಿಂದ ಎರಡು ಸೆಕ್ಟರ್ ಆಚೆ, ಎಂ.ಡಿ. ಮೆಡಿಸಿನ್, ನನ್ನ ತಂಗಿಯ ಮಗನ ವಯಸ್ಸು. ಪಿಎಚ್‌ಸಿ ಸಾಹೇಬರು ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ. ಇದಕ್ಕೆ ಮೊದಲು ಕೇಳಿದ ಇಬ್ಬರಲ್ಲಿ ಒಬ್ಬರು ನಕ್ಕಿದ್ದರು, ಒಬ್ಬರು ಸಿಟ್ಟಾಗಿದ್ದರು. ಇವರು ಉತ್ತರ ಹೇಳಲಿಲ್ಲ, ನೋಟ್‌ಬುಕ್ ಇಸಿದುಕೊಂಡು ಓದತೊಡಗಿದರು. ಹೊರಗೆ ಜನ ಕುಳಿತಿದ್ದರು, ನನಗೇ ಸಂಕೋಚವಾಯಿತು. ಓದಿ ಮುಗಿಸಿ ಅವ್ವನ ಚಪ್ಪಲಿ ಬಿಡಿಸಿ ಅಂಗಾಲು ನೋಡಿದರು. ಬೆರಳಿನ ಸಂದಿಯಲ್ಲಿ ಒಂದು ಸಣ್ಣ ಹುಣ್ಣು, ನಾವು ಯಾರೂ ನೋಡಿರಲಿಲ್ಲ. ಕಣ್ಣಿನ ಪರೀಕ್ಷೆಗೆ ಚೀಟಿ ಬರೆದರು. ಮೊಣಕಾಲಿಗೆ ಪ್ಯಾರಾಸಿಟಮಾಲ್ ಮತ್ತು ಕುರ್ಚಿಯಲ್ಲಿ ಕುಳಿತು ಮಾಡುವ ವ್ಯಾಯಾಮ. ಕ್ರಿಯಾಟಿನಿನ್ 1.4ಕ್ಕೆ ಇಳಿದಿದೆ. ಹಳೆಯ 0.9ಕ್ಕೆ ಹೋಗಲಿಕ್ಕಿಲ್ಲ ಎಂದು ಬೆಳಗಾವಿಯವರು ಹೇಳಿದ್ದಾರೆ.

ಟಿಳಕವಾಡಿಯ ಅಣ್ಣಾ, ನಿಮ್ಮ ಮಾತೂ ನೋಟ್‌ಬುಕ್ಕಿನಲ್ಲಿದೆ. ಎರಡು ವಾರದಲ್ಲಿ ಯಾವುದು ಇಳಿಯದಿದ್ದರೂ ಇನ್ನೊಬ್ಬರಿಗೆ ತೋರಿಸುವುದು, ದಾಕ್ಷಿಣ್ಯ ಬೇಡ ಎಂದು ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ. ಡಾಕ್ಟರು ಅದನ್ನೂ ಓದಿದರು. ಏನೂ ಅನ್ನಲಿಲ್ಲ.

ಅವ್ವನಿಗೆ ಮಾತ್ರ ಪೂರ್ತಿ ಒಪ್ಪಿಗೆಯಾಗಿಲ್ಲ. "ಸೂಜಿಯೇ ಮಾಡಲಿಲ್ಲ, ಬರೀ ಓದುವ ಡಾಕ್ಟರು" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಎರಡನೆಯ ಸಲ ಹೋದಾಗ ಅವರನ್ನೇ ಕೇಳಿದಳು: "ನೀನೂ ಪುಣೆಗೆ ಹೋಗುವವನೇನಪ್ಪ?"

ಅವರು ನಕ್ಕು, "ಎಲ್ಲಿ ಹೋಗಲಿ ಅಜ್ಜಿ, ಈ ದವಾಖಾನೆಯ ಮೇಲೆ ಇನ್ನೂ ಆರು ವರ್ಷ ಬ್ಯಾಂಕಿನ ಸಾಲವಿದೆ" ಎಂದರು.

"ಆರು ವರ್ಷ ನನಗೆ ಸಾಕು" ಎಂದು ಅವ್ವ ಚಪ್ಪಲಿ ಮೆಟ್ಟಿಕೊಂಡಳು.